ಜೂನ್ ಒಂದರ ಮಕ್ಕಳು

ಸರಕಾರಿ ಕಚೇರಿಗಳಲ್ಲಿ ಮೇ 31 ಎಂದರೆ ಹಾರ, ಶಾಲು, ಹಣ್ಣಿನ ಬುಟ್ಟಿಯ ದಿನ. ಅಂದು ನಿವೃತ್ತರಾಗುವವರೇ ಹೆಚ್ಚು. ದಾಖಲೆಯ ಪ್ರಕಾರ ಅವರೆಲ್ಲ ಜೂನ್ ಒಂದರಂದು ಹುಟ್ಟಿದವರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಕುರ್ಚಿ ಬಿಡಬೇಕೆಂಬುದು ನಿಯಮ. ಹಿಂದೆ ಶಾಲೆಗೆ ಸೇರಿಸಲು ಅಪ್ಪ ಕರೆತಂದ ಹುಡುಗನ ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತೆಂದು ಲೆಕ್ಕ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದು ಮುಂದಿನ ಹುಡುಗನನ್ನು ಕರೆಯುತ್ತಿದ್ದರು.

ಆ ಕಾಲ ಪೂರ್ತಿ ಮುಗಿಯಿತೆಂದು ಹೇಳುವಂತಿಲ್ಲ. ಮಾತಿಗೆ ದೇವದುರ್ಗ ತಾಲ್ಲೂಕಿನ ಒಂದು ಮನೆ ತೆಗೆದುಕೊಳ್ಳಿ. ಗಂಡ-ಹೆಂಡತಿ ಇಬ್ಬರೂ ಕೂಲಿ, ನಾಲ್ಕು ಮಕ್ಕಳು. ಮಕ್ಕಳ ವಯಸ್ಸು ಕೇಳಿದರೆ ತಾಯಿ ತಡಮಾಡದೆ ಹೇಳುತ್ತಾಳೆ.

"ನೋಟು ಬಂದಾದಾಗ ಹಿರೇಕಿ ಹುಟ್ಯಾಳ್ರಿ. ಹೊಳಿ ಬಂದು ಹೂವಿನಹೆಡಗಿ ಸೇತುವಿ ಮುಳುಗಿದಾಗ ಇಂವ. ಲಾಕ್‌ಡೌನ್‌ದಾಗ ಮೂರನೇದು. ಸಣ್ಣದು ಹತ್ತಿ ಬಿಡಿಸೂ ಮುಂದ."

ಬರೆದುಕೊಳ್ಳುವವರಿಗೆ ಇದು ಉತ್ತರವಲ್ಲ. ಆದರೆ ಯೋಚಿಸಿದರೆ ಎಷ್ಟು ಖಚಿತವಾದ ಉತ್ತರ! ನೋಟು ರದ್ದಾದದ್ದು 2016ರ ನವೆಂಬರ್ 8ರ ರಾತ್ರಿ. ಕೃಷ್ಣೆ ಉಕ್ಕಿ ಹೂವಿನಹೆಡಗಿ ಸೇತುವೆ ಮುಳುಗಿದ್ದು 2019ರ ಆಗಸ್ಟ್‌ನಲ್ಲಿ. ಲಾಕ್‌ಡೌನ್ 2020ರ ಮಾರ್ಚ್‌ನಿಂದ. ಊರಿಗೆ ಬಂದ ಸಂಕಟಗಳೇ ಆಕೆಯ ಪಂಚಾಂಗ. ತಾರೀಖು ಮರೆತಿದ್ದಾಳೆ, ಹೆರಿಗೆಯ ಹೊತ್ತಿನಲ್ಲಿ ಕೈಯಲ್ಲಿ ಎಷ್ಟು ದುಡ್ಡಿತ್ತು, ಬಸ್ಸಿತ್ತೋ ಇಲ್ಲವೋ ಎಂಬುದನ್ನು ಮರೆತಿಲ್ಲ.

ಇಂಥ ಮನೆಯಲ್ಲಿ ಮೊದಲ ಮಗುವಿನ ಪ್ರತಿಯೊಂದೂ ಹಬ್ಬವೇ. ತವರಿನಲ್ಲಿ ಬಾಣಂತನ, ಅಂಟಿನ ಉಂಡೆ, ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಬಂದು ಹಾಡುವುದು. ಮಗು ಬೋರಲು ಬಿದ್ದಿತೆಂದರೆ ಸುದ್ದಿ, ಹಲ್ಲು ಮೂಡಿತೆಂದರೆ ಸುದ್ದಿ. ಮನೆದೇವರಿಗೆ ಹೋಗಿ ಜವಳ ತೆಗೆಸುವುದಕ್ಕಂತೂ ಸಾಲವೂ ಹುಟ್ಟುತ್ತದೆ. ಎರಡನೆಯ ಮಗುವಿಗೆ ಸಡಗರ ಅರ್ಧ. ಮೂರನೆಯದರ ಹೊತ್ತಿಗೆ ಹೊಸ ಅಂಗಿ ಎಂಬುದಿಲ್ಲ, ಅಕ್ಕನದು ಅಣ್ಣನಿಗೆ, ಅಣ್ಣನದು ತಮ್ಮನಿಗೆ. ಪಾಟಿ ಒಡೆಯುವವರೆಗೂ ಒಂದೇ. ನಾಲ್ಕನೆಯದರ ಜವಳ ಮೂರನೆಯದರ ಜೊತೆಗೇ, ಒಂದೇ ಖರ್ಚಿನಲ್ಲಿ.

ಆದರೆ ಕೆಲಸ ಮಾತ್ರ ಅರ್ಧವಾಗುವುದಿಲ್ಲ. ನಸುಕಿನಲ್ಲೆದ್ದು ಜೋಳದ ರೊಟ್ಟಿ ಬಡಿಯುವ ಆ ತಾಯಿಗೆ ಯಾರ ಹಲ್ಲಿಗೆ ಎಂಥ ರೊಟ್ಟಿ ಎಂಬುದು ಗೊತ್ತಿರಬೇಕು. ದೊಡ್ಡವಳಿಗೆ ಗಟ್ಟಿ ರೊಟ್ಟಿ, ಶೇಂಗಾ ಹಿಂಡಿ. ನಡುವಿನವರಿಗೆ ಬೇಳೆಯಲ್ಲಿ ನೆನೆಸಿದ್ದು. ಸಣ್ಣದಕ್ಕೆ ಕಿವುಚಿದ ನುಚ್ಚು. ಒಬ್ಬನಿಗೆ ಜ್ವರ ಬಂದರೆ ವಾರದೊಳಗೆ ನಾಲ್ವರಿಗೂ ಬರುತ್ತದೆ, ಒಟ್ಟಿಗೆ ಬಂದು ಒಟ್ಟಿಗೆ ಹೋಗುವ ಸೌಜನ್ಯ ಅದಕ್ಕಿಲ್ಲ. ರಾಯಚೂರು ಸೀಮೆಯ ಬೇಸಿಗೆಯ ಬಗ್ಗೆ ಬೇರೆ ಹೇಳಬೇಕಿಲ್ಲ. ನಲವತ್ತು ಡಿಗ್ರಿ ದಾಟಿದ ತಗಡಿನ ಮನೆಯಲ್ಲಿ ನಾಲ್ಕು ಮಕ್ಕಳನ್ನು ಮಧ್ಯಾಹ್ನ ಮಲಗಿಸಿ ನೋಡಿದವರಿಗೇ ಅದು ಗೊತ್ತು.

ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವೆ ಇದ್ದೂ ಇಲ್ಲಿಯ ಜನ ದುಡಿಮೆ ಹುಡುಕಿ ಗುಳೆ ಹೋಗುತ್ತಾರೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಹರಿದಲ್ಲಿ ಭತ್ತ, ನಾಟಿ-ಕಳೆಯ ಕೂಲಿ. ಕಾಲುವೆಯ ಕೊನೆಗೆ ಹೋದಂತೆ ನೀರೂ ಕಡಿಮೆ, ಕೂಲಿಯೂ ಕಡಿಮೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ, ಅದು ಮುಟ್ಟದ ಹೊಲಗಳೂ ಸಾಕಷ್ಟಿವೆ. ಮಳೆಗಾಲ ಮುಗಿಯುತ್ತಲೇ ಹತ್ತಿ ಬಿಡಿಸುವ ಕೆಲಸ. ಬಿಡಿಸಿದಷ್ಟು ಕೆ.ಜಿ.ಗೆ ದುಡ್ಡು. ಬೇವಿನ ಟೊಂಗೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದರೆ ತೂಗಲು ಒಬ್ಬರು ಬೇಕಲ್ಲ? ಅದಕ್ಕೆ ಹಿರಿಯ ಮಗಳಿದ್ದಾಳೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಬೀಳುವುದು ಆಗ.

ಹೀಗಾಗಿ ಸಣ್ಣದು ಮೊದಲ ಹೆಜ್ಜೆಯಿಟ್ಟದ್ದನ್ನು ಕಾಣುವ ಭಾಗ್ಯ ಅವ್ವನದಲ್ಲ, ಅಕ್ಕನದು. ಸಂಜೆ ತಲೆಯ ಮೇಲೆ ಹೊರೆ ಹೊತ್ತು ಬಂದವಳಿಗೆ ಹುಡುಗಿ ಓಡಿಬಂದು ಹೇಳುತ್ತಾಳೆ. ಮತ್ತೊಮ್ಮೆ ನಡೆಸಿ ತೋರಿಸಬೇಕೆಂದರೆ ಕೂಸು ಹಟ ಹಿಡಿದು ಕುಳಿತುಬಿಡುತ್ತದೆ.

ಹತ್ತಿ ಮುಗಿದ ಮೇಲೆ ಬೆಂಗಳೂರು ಇಲ್ಲವೆ ಹೈದರಾಬಾದಿನ ಕಟ್ಟಡ ಕೆಲಸ. ಅಜ್ಜಿ ಗಟ್ಟಿಯಿದ್ದರೆ ದೊಡ್ಡವರಿಬ್ಬರು ಊರಲ್ಲಿ, ಚಿಕ್ಕವರಿಬ್ಬರು ಉಸುಕಿನ ಗುಡ್ಡೆಯ ಮೇಲೆ. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಚುಚ್ಚುಮದ್ದು, ಜೊತೆಗೆ 'ಎ' ವಿಟಮಿನ್ ಹನಿ ಹಾಕಿಸಬೇಕು. ಎರಡನೆಯ ಸಲದ್ದು 16ರಿಂದ 24 ತಿಂಗಳೊಳಗೆ. ಆ ಹೊತ್ತಿಗೆ ಮಗು ಎಲ್ಲಿರುತ್ತದೆ? ತಾಯಿ ಕಾರ್ಡು ಊರಿನ ಟ್ರಂಕಿನಲ್ಲಿ, ಮಗು ಬೆಂಗಳೂರಿನ ಶೆಡ್ಡಿನಲ್ಲಿ. ಇತ್ತ ಅಂಗನವಾಡಿಯ ಕಾರ್ಯಕರ್ತೆ ಪುಸ್ತಕದಲ್ಲಿ "ಗುಳೆ" ಎಂದು ಬರೆದುಕೊಳ್ಳುತ್ತಾಳೆ. ಪಾಪ, ಆಕೆಯಾದರೂ ಏನು ಮಾಡಿಯಾಳು?

ತೂಕದ ಮಾತು ಬಂದರೆ ರಾಯಚೂರಿನ ಹೆಸರು ಬಾರದೆ ಇರುವುದಿಲ್ಲ. 2011ರಲ್ಲಿ ಈ ಜಿಲ್ಲೆಯ ಎಳೆಯ ಮಕ್ಕಳ ಅಪೌಷ್ಟಿಕತೆ ರಾಜ್ಯವನ್ನೇ ನಾಚಿಸಿತು. ವಿಷಯ ಹೈಕೋರ್ಟಿಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದನ್ನು 2021ರ ಡಿಸೆಂಬರ್‌ನಲ್ಲಿ ಮೊದಲು ಆರಂಭಿಸಿದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಮೊಟ್ಟೆ ಬೇಕೋ ಬೇಡವೋ ಎಂಬ ಚರ್ಚೆ ದೂರದಲ್ಲಿ ಜೋರಾಗಿಯೇ ನಡೆಯಿತು. ಅಂಥ ಚರ್ಚೆಯಲ್ಲಿ ತಟ್ಟೆಯ ಮುಂದೆ ಕುಳಿತವರನ್ನು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಸೊರಗಿದ ಮಗುವಿನ ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ಕೆಂಪು. ಅಂಥ ಮಗು ಬಳಲಿದ್ದರೆ ತಾಯಿಯೊಡನೆ ಜಿಲ್ಲಾ ಕೇಂದ್ರದ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು ಎರಡು ವಾರ ಇರಬೇಕು. ಊಟ ಅಲ್ಲಿಯೇ, ತಾಯಿಯ ಕೂಲಿ ನಷ್ಟಕ್ಕೂ ಅಷ್ಟಿಷ್ಟು ಕೊಡುತ್ತಾರೆ. ಒಳ್ಳೆಯ ಏರ್ಪಾಡೇ. ಆದರೆ ಅದನ್ನು ಯೋಜಿಸಿದವರು ಒಂದೇ ಮಗುವಿನ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ತೋರುತ್ತದೆ. ದೇವದುರ್ಗದಿಂದ ರಾಯಚೂರಿಗೆ ಸುಮಾರು 50 ಕಿ.ಮೀ. ಮೂರನೆಯದನ್ನು ಕರೆದುಕೊಂಡು ಆಕೆ ಅಲ್ಲಿ ಕುಳಿತರೆ ಮೊಲೆಯುಣ್ಣುವ ನಾಲ್ಕನೆಯದಕ್ಕೆ ಯಾರು? ಅದನ್ನೂ ಎತ್ತಿಕೊಂಡು ಹೋದರೂ ಊರಲ್ಲಿ ಉಳಿದಿಬ್ಬರಿಗೆ ರೊಟ್ಟಿ ಬಡಿಯುವವರು ಯಾರು?

"ಒಂದರ ಸಲುವಾಗಿ ಮೂರು ಉಪವಾಸ ಕೆಡವ್ಲೇನ್ರಿ ಅಕ್ಕಾರ?" ಎಂದು ಆಕೆ ಕೇಳಿದರೆ ಕಾರ್ಯಕರ್ತೆಯ ಬಳಿ ಉತ್ತರವಿಲ್ಲ. ನಾಲ್ಕೈದು ದಿನಕ್ಕೇ ಹೇಳದೆ ಕೇಳದೆ ಮಗುವನ್ನೆತ್ತಿಕೊಂಡು ಬಸ್ಸು ಹತ್ತುವ ತಾಯಂದಿರನ್ನು ತಿಳಿಗೇಡಿಗಳೆಂದು ಬೈಯುವುದು ಸುಲಭ. ಅವರಿಗೆ ತಿಳಿವಳಿಕೆ ಕಡಿಮೆಯಿಲ್ಲ, ಕೈ ಕಡಿಮೆ. 2023ರಲ್ಲಿ ರಾಜ್ಯ ಸರಕಾರ ಉದ್ಯೋಗ ಖಾತರಿಯ ಕೂಲಿಕಾರರ ಎಳೆಯ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆ ಪ್ರಕಟಿಸಿದಾಗ ಈ ಸೀಮೆಗೆ ಅದು ಹೇಳಿ ಮಾಡಿಸಿದಂತಿತ್ತು. ಹತ್ತಿ ಬಿಡಿಸುವ ಹೊತ್ತಿನಲ್ಲಿ, ಬೆಳಿಗ್ಗೆ ಹೊಲಕ್ಕೆ ಹೊರಡುವ ಮುಂಚೆಯೇ ಅಂಥ ಬಾಗಿಲು ತೆರೆದಿದ್ದರೆ ಹಿರಿಯ ಮಗಳು ಶಾಲೆಯಲ್ಲಿ ಕುಳಿತಾಳು.

ಈ ನಡುವೆ ಕಾಗದ-ಪತ್ರದ ಕಾಲವೂ ಬಂತು. ತಿದ್ದುಪಡಿಯಾದ ಜನನ-ಮರಣ ನೋಂದಣಿ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅಂದಿನಿಂದ ಹುಟ್ಟಿದವರಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೇ ಆಧಾರ. ಕಿವಿ ಮುಟ್ಟಿಸುವ ಲೆಕ್ಕ ಅವರಿಗೆ ನಡೆಯದು. ನಮ್ಮ ಮನೆಯ ನಾಲ್ಕನೆಯದು ಆಮೇಲೆ ಹುಟ್ಟಿದ್ದು, ಆಸ್ಪತ್ರೆಯಲ್ಲಿ. ಅದಕ್ಕೆ ತಾರೀಖೂ ಇದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟ ಪತ್ರವೂ ಇದೆ. ದೊಡ್ಡವರಿಬ್ಬರದು ಶಾಲೆಯ ಪುಸ್ತಕದಲ್ಲಿ ಜೂನ್ ಒಂದೇ. ಮೂರನೆಯದರ ಪತ್ರ ತವರಿನ ಊರಲ್ಲಿ ಸಿಗುತ್ತದಂತೆ, ಹೋಗಿ ತರಬೇಕು. ಹೋದರೆ ಒಂದು ದಿನದ ಕೂಲಿ ಹೋಯಿತು.

ತನ್ನ ಹುಟ್ಟಿದ ದಿನ ನಿಜವಾಗಿ ಯಾವುದೆಂದು ಹಿರಿಯಳು ಆಗಾಗ ಕೇಳುತ್ತಾಳೆ. ಅವ್ವ ರೊಟ್ಟಿ ಬಡಿಯುತ್ತಲೇ ಹೇಳುತ್ತಾಳೆ:

"ಬ್ಯಾಂಕಿನ ಮುಂದ ಪಾಳಿ ಹಚ್ಚಿದ್ರಲ್ಲ, ನಿಮ್ಮಪ್ಪ ಪಾಳ್ಯಾಗ ನಿಂತಿದ್ದ. ಹೊತ್ತು ಮುಳುಗೂದರಾಗ ನೀ ಬಂದಿ."