ಕೆಸರಿನೊಳಗಿನ ಎಣ್ಣೆ, ಕಾನೂನಿನ ಆರು ವರ್ಷ

ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ವೈಲ್ಡ್ ಹಾರ್ಬರ್ ಎಂಬ ಜವುಗು ನೆಲವಿದೆ. ಭರತದ ನೀರು ಬಂದು ಹೋಗುವ ಹುಲ್ಲುಗಾವಲು. ಒಂದು ಕೈ ದೊಡ್ಡದಾಗಿರುವ ಪುಟ್ಟ ಏಡಿಗಳು ಅಲ್ಲಿ ಕೆಸರಿನೊಳಕ್ಕೆ ನೆಟ್ಟಗೆ ಬಿಲ ತೋಡುತ್ತವೆ. ಕೆಲವು ಜಾಗಗಳಲ್ಲಿ ಮಾತ್ರ ತುಸು ಆಳಕ್ಕೆ ಇಳಿದವು ಅಲ್ಲಿಗೇ ನಿಲ್ಲಿಸುತ್ತವೆ, ಇಲ್ಲವೇ ಅಡ್ಡಕ್ಕೆ ತಿರುಗುತ್ತವೆ. ಕೆಳಗೆ ಎಣ್ಣೆಯ ಪದರವಿದೆ. ಆ ಎಣ್ಣೆ ಅಲ್ಲಿಗೆ ಸೇರಿದ್ದು 1969ರ ಸೆಪ್ಟೆಂಬರಿನಲ್ಲಿ. ಏಡಿಗಳ ಈ ವರ್ತನೆಯ ಅಧ್ಯಯನ ಪ್ರಕಟವಾದದ್ದು 2007ರಲ್ಲಿ.

‘ಫ್ಲೋರಿಡಾ’ ಎಂಬ ಬಾರ್ಜ್ ನೆಲಕಚ್ಚಿ ಸುಮಾರು 7 ಲಕ್ಷ ಲೀಟರ್ ಎಣ್ಣೆ ಚೆಲ್ಲಿತ್ತು. ಡೀಸೆಲ್‌ನಂಥ ತೆಳು ಎಣ್ಣೆ, ಬೇಗ ಆವಿಯಾಗಿ ಹೋಗುತ್ತದೆ ಎಂದೇ ಆಗ ಬಹಳ ಜನ ನಂಬಿದ್ದರು. ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆ ಪಕ್ಕದಲ್ಲೇ ಇದ್ದದ್ದರಿಂದ ರಸಾಯನ ವಿಜ್ಞಾನಿ ಮ್ಯಾಕ್ಸ್ ಬ್ಲೂಮರ್, ಜೀವಿವಿಜ್ಞಾನಿ ಹೊವಾರ್ಡ್ ಸ್ಯಾಂಡರ್ಸ್ ಕೂಡಲೇ ಕೆಸರಿನ ಮಾದರಿ ತೆಗೆಯತೊಡಗಿದರು. ನಂಬಿಕೆ ಸುಳ್ಳಾಯಿತು. ಮೂವತ್ತು ವರ್ಷಗಳ ಮೇಲೆ ಅದೇ ಸಂಸ್ಥೆಯ ಕ್ರಿಸ್ಟೋಫರ್ ರೆಡ್ಡಿ ತಂಡ ಅಲ್ಲೇ ಅಗೆದಾಗ 6ರಿಂದ 28 ಸೆಂಟಿಮೀಟರ್ ಆಳದ ನಡುವೆ ಎಣ್ಣೆ ಸಿಕ್ಕಿತು. ಮೇಲೆ ಹುಲ್ಲು, ಶುಭ್ರ ನೀರು, ನೋಡಿದವರು ಅನುಮಾನಿಸಲು ಕಾರಣವೇ ಇಲ್ಲ.

ಎಣ್ಣೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಸಮುದ್ರದಲ್ಲಿ ಎಲ್ಲೆಡೆ ಇವೆ. ಆದರೆ ಅವು ಚುರುಕಾಗಿ ಕೆಲಸ ಮಾಡಲು ಆಮ್ಲಜನಕ ಬೇಕು. ಅಲೆ ಬಡಿಯುವ ಮರಳಿನಲ್ಲಿ, ಬಿಸಿಲಿಗೆ ತೆರೆದ ನೀರಿನಲ್ಲಿ ಅದಕ್ಕೆ ಕೊರತೆಯಿಲ್ಲ. ಕೆಸರಿನಲ್ಲಿ ಕೆಲವೇ ಸೆಂಟಿಮೀಟರ್ ಕೆಳಗೆ ಇಳಿದರೆ ಆಮ್ಲಜನಕ ಮುಗಿಯುತ್ತದೆ. ಅಲ್ಲಿ ಎಣ್ಣೆಯ ನೇರ ಸರಪಳಿಯ ಅಣುಗಳು ಮೊದಲು ಕೊಳೆಯುತ್ತವೆ. ಕವಲೊಡೆದವು ನಿಧಾನ. ಹಲವು ಉಂಗುರಗಳು ಬೆಸೆದ ಅಣುಗಳು, ಕ್ಯಾನ್ಸರ್‌ಕಾರಕವಾದ ಕೆಲವೂ ಸೇರಿ, ದಶಕಗಟ್ಟಲೆ ಕೂತಿರುತ್ತವೆ. ಆ ಆಳಕ್ಕೆ ಗಾಳಿ ಒಯ್ಯುವುದು ಏಡಿಯ ಬಿಲ. ಎಣ್ಣೆ ಮೊದಲು ಏಡಿಗಳನ್ನು ಕೊಂದಿತು. ಆಮೇಲೆ ಬಂದವು ಆ ಪದರಕ್ಕೆ ಬಿಲ ಇಳಿಸುತ್ತಿಲ್ಲ. ತನ್ನನ್ನು ತೊಳೆಯಬಲ್ಲ ಜೀವಿಯನ್ನೇ ಎಣ್ಣೆ ದೂರ ಇಟ್ಟಿದೆ. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಂಗೆಡಿಸುವುದು ಇದೇ.

ನಮ್ಮ ಕಡಲು ಬೆಚ್ಚಗಿದೆ, ಇಲ್ಲಿ ಎಣ್ಣೆ ಬೇಗ ಕೊಳೆಯುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಮೇಲ್ಪದರದ ಮಟ್ಟಿಗೆ ಅದು ಸರಿ. ಆದರೆ ಪನಾಮದ ಕಡಲೂ ಬೆಚ್ಚಗೇ ಇದೆ. 1986ರಲ್ಲಿ ಅಲ್ಲಿನ ತೈಲ ಸಂಸ್ಕರಣಾಗಾರವೊಂದರ ಟ್ಯಾಂಕ್ ಒಡೆದು ಕಚ್ಚಾತೈಲ ಕಾಂಡ್ಲಾ ಕಾಡಿಗೆ ನುಗ್ಗಿತು. ಐದು ವರ್ಷ ಕಳೆದರೂ ಬೇರುಗಳ ನಡುವಿನ ಕೆಸರಿನಿಂದ ಎಣ್ಣೆ ಒಸರುತ್ತಿತ್ತು. ಅದರ ವಿಷ ಇಪ್ಪತ್ತು ವರ್ಷವಾದರೂ ಉಳಿದೀತು ಎಂದು ಅಧ್ಯಯನ ಮಾಡಿದವರು ಅಂದಾಜಿಸಿದರು.

ಕಾನೂನಿನ ಲೆಕ್ಕ ಬೇರೆ. ಟ್ಯಾಂಕರ್‌ಗಳ ಎಣ್ಣೆಗೂ ಹಡಗುಗಳ ಇಂಧನಕ್ಕೂ ಸಂಬಂಧಿಸಿದ ಎರಡು ಅಂತರರಾಷ್ಟ್ರೀಯ ಒಪ್ಪಂದಗಳಿವೆ. ಎರಡರಲ್ಲೂ ಷರತ್ತು ಒಂದೇ: ಹಾನಿಯಾದ ಮೂರು ವರ್ಷದೊಳಗೆ ಪರಿಹಾರದ ದಾವೆ ಹೂಡಬೇಕು, ಅಪಘಾತವಾಗಿ ಆರು ವರ್ಷ ದಾಟಿದರೆ ಯಾವ ಕಾರಣಕ್ಕೂ ದಾವೆ ಇಲ್ಲ. ಹಡಗಿನ ವಿಮೆಗಾರರಿಗೆ ಒಂದು ಕೊನೆಯ ದಿನ ಬೇಕು, ಒಪ್ಪೋಣ. ಏಳನೆಯ ವರ್ಷ ಕೆಸರಿನಲ್ಲಿ ಸಿಕ್ಕ ಎಣ್ಣೆಯ ಹೊರೆ ಹಾಗಾದರೆ ಬಳಚು ಆರಿಸಿ ಮಾರುವ ಹೆಂಗಸರ ಪಾಲಿಗೆ ಬೀಳುತ್ತದೆ. ಇದು ಅನ್ಯಾಯ.

ಅಲಾಸ್ಕದಲ್ಲಿ ದಾರಿ ತೆರೆದಿಟ್ಟರೂ ಫಲ ಸಿಗಲಿಲ್ಲ. 1989ರಲ್ಲಿ ಅಲ್ಲಿ ಎಣ್ಣೆ ಚೆಲ್ಲಿದ ‘ಎಕ್ಸಾನ್ ವಾಲ್ಡೇಜ್’ ಟ್ಯಾಂಕರ್‌ನ ದುರಂತದ ಬಳಿಕ ಎಕ್ಸಾನ್ ಕಂಪನಿ 90 ಕೋಟಿ ಡಾಲರ್ ಕೊಡುವ ಒಪ್ಪಂದವಾಯಿತು. ಮುಂದೆ ಊಹಿಸದ ಹಾನಿ ಕಂಡುಬಂದರೆ ಇನ್ನೂ 10 ಕೋಟಿವರೆಗೆ ಕೇಳಬಹುದು ಎಂಬ ಷರತ್ತೂ ಇತ್ತು. 2001ರಲ್ಲಿ ಕಡಲತೀರಗಳನ್ನು ಅಗೆದಾಗ ಕಲ್ಲುಗಳ ಅಡಿಯಲ್ಲಿ ಎಣ್ಣೆ ಸಿಕ್ಕಿತು. 2006ರಲ್ಲಿ ಅಮೆರಿಕ ಮತ್ತು ಅಲಾಸ್ಕ ಸರ್ಕಾರಗಳು 9.2 ಕೋಟಿ ಡಾಲರ್ ಕೇಳಿದವು, 2015ರಲ್ಲಿ ಬೇಡಿಕೆಯನ್ನೇ ಕೈಬಿಟ್ಟವು.

ನಮ್ಮ ಕರಾವಳಿಯಲ್ಲೂ ಇಂಥದ್ದು ನಡೆದಿದೆ. 2006ರ ಮೇ ಕೊನೆಗೆ ‘ಓಷನ್ ಸೆರಾಯಾ’ ಎಂಬ ಹಡಗು ಕಾರವಾರದ ಆಯ್ಸ್ಟರ್ ರಾಕ್ ದ್ವೀಪದ ಬಳಿ ಬಂಡೆಗೆ ಸಿಕ್ಕಿ, ಅದರ ಎಣ್ಣೆ ಗೋವಾದ ದಂಡೆಯವರೆಗೂ ಹೋಯಿತು. 2025ರ ಮೇ 25ರಂದು ಕೇರಳದ ಎದುರು ‘ಎಂಎಸ್‌ಸಿ ಎಲ್ಸಾ 3’ ಹಡಗು ಮುಳುಗಿತು. ಅದರಲ್ಲಿ 367 ಟನ್ ಫರ್ನೆಸ್ ಆಯಿಲ್ ಇತ್ತು. ಆರು ವರ್ಷದ ಲೆಕ್ಕ ಹಿಡಿದರೆ 2031ರ ಮೇ ತಿಂಗಳಿಗೆ ದಾವೆಯ ಬಾಗಿಲು ಮುಚ್ಚುತ್ತದೆ.

ಎಣ್ಣೆ ಚೆಲ್ಲಿದ ಸುದ್ದಿ ಬಂದಾಗ ದಂಡೆ ಗುಡಿಸುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಆ ಕೆಲಸ ಬೇಕು. ಅದೇ ವಾರ ಅಳಿವೆಯ ಕೆಸರಿಗೆ ಕೊಳವೆ ಇಳಿಸಿ ಮಾದರಿ ತೆಗೆದು ಶೈತ್ಯಾಗಾರದಲ್ಲಿ ಇಡುವುದೂ ಬೇಕು. ಎಣ್ಣೆಗೆ ಅದರದೇ ರಾಸಾಯನಿಕ ಗುರುತು ಇರುತ್ತದೆ. ಹಡಗಿನ ಟ್ಯಾಂಕಿನ ಎಣ್ಣೆಯೊಂದಿಗೆ ಹೋಲಿಸಿಟ್ಟರೆ ಮುಂದೆ ಯಾರೂ ಇದು ನಮ್ಮದಲ್ಲ ಎನ್ನಲಾಗದು. ಕಾಳಿ, ಅಘನಾಶಿನಿ, ಶರಾವತಿ ಅಳಿವೆಗಳಲ್ಲಿ ಅಪಘಾತಕ್ಕೂ ಮೊದಲೇ, ಈಗಲೇ, ಕೆಸರಿನ ಮಾದರಿ ತೆಗೆದು ಇಡಬೇಕು. ಪರಿಹಾರದ ಹಣದಲ್ಲಿ ಒಂದು ಭಾಗವನ್ನು ಮೂವತ್ತು ವರ್ಷಗಳ ತಪಾಸಣೆಗೆಂದೇ ಬ್ಯಾಂಕಿನಲ್ಲಿ ಇಡುವಂತೆ ನ್ಯಾಯಾಲಯಗಳು ಆದೇಶಿಸಬೇಕು, ಮತ್ತು ಆ ಫಲಿತಾಂಶ ಪ್ರತಿ ವರ್ಷ ಆಯಾ ಊರಿನ ಮೀನುಗಾರರ ಸಂಘಕ್ಕೆ ಕನ್ನಡದಲ್ಲಿ ತಲುಪಬೇಕು.