ಮನೆಮಾತು: ಕೈಗೆ ನಿಲುಕದ ಬುತ್ತಿ

ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ಹೆದ್ದಾರಿಯು ನಮ್ಮ ನೇಸರಗಿಯನ್ನು ಹಾಯ್ದು ಯರಗಟ್ಟಿಯ ಕಡೆಗೆ ಸಾಗುತ್ತದೆ. ಇತ್ತಿತ್ತಲಾಗಿ ರವಿವಾರದ ನಸುಕಿನಲ್ಲಿ ಈ ಹಾದಿಯ ಮೇಲೆ ತೆಳುವಾದ ಗಾಲಿಗಳ ಸೈಕಲ್ಲುಗಳನ್ನೇರಿ, ಬೆನ್ನು ಬಾಗಿಸಿಕೊಂಡು ಹೋಗುವ ತರುಣರು ಆಗಾಗ ಕಣ್ಣಿಗೆ ಬೀಳುತ್ತಾರೆ. ನಮ್ಮ ಸೀಮೆಗೆ ಸೈಕಲ್ಲಿನ ಹಂಬಲವು ಹೊಸತಲ್ಲ. ವಿಜಯಪುರ, ಬಾಗಲಕೋಟೆಗಳ ಸವಾರರು ದೇಶದಲ್ಲಿ ಹೆಸರು ಪಡೆದವರು. ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾಶಾಲೆಯ ಮಕ್ಕಳೂ ಈ ವಿದ್ಯೆಯಲ್ಲಿ ಪಳಗಿದವರು. ಆದರೆ ಈಗ ಕೆಲವರನ್ನು ಎಳೆಯುತ್ತಿರುವದು ಬೇರೊಂದು ಸಾಹಸ. ಈಜು, ಸೈಕಲ್ಲು, ಓಟ ಈ ಮೂರನ್ನೂ ಒಂದೇ ದಿನ ಒಂದರ ಬೆನ್ನಿಗೊಂದು ಮುಗಿಸುವ ಟ್ರಯಥ್ಲಾನ್ ಎಂಬ ಸ್ಪರ್ಧೆ ಅದು. ಅದರ ಪೂರ್ಣ ದೂರದ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ೩.೮ ಕಿಲೋಮೀಟರು ಈಜಿ, ೧೮೦ ಕಿಲೋಮೀಟರು ಸೈಕಲ್ಲು ತುಳಿದು, ಆ ಮೇಲೆ ೪೨.೨ ಕಿಲೋಮೀಟರು ಓಡತಕ್ಕದ್ದು. ಇದರ ಅರ್ಧ ದೂರದ ಸ್ಪರ್ಧೆಯು ೨೦೧೯ರಲ್ಲಿ ಗೋವೆಯಲ್ಲಿ ಮೊದಲ ಸಲ ನಡೆಯಿತು. ಘಟ್ಟ ಇಳಿದರೆ ಗೋವೆ. ಅಂತೇ ನಮ್ಮ ಹುಡುಗರ ಮನಸ್ಸೂ ಅತ್ತ ಹರಿದಿದೆ.

ಈಜಿನ ಮಾತನ್ನೂ ಓಟದ ಮಾತನ್ನೂ ಬಲ್ಲವರಿಗೆ ಬಿಡೋಣ. ದೂರದ ಸವಾರಿಗೆ ಹೊರಟವನು ಸೈಕಲ್ಲಿನ ಮೇಲೆ ನೀರು, ಆಹಾರ, ಉಪಕರಣಗಳನ್ನು ಹೇಗೆ ಒಯ್ಯಬೇಕೆಂಬದು ಮಾತ್ರ ಮನೆಯವರಾದ ನಮಗೂ ಸಂಬಂಧಿಸಿದ ಸಂಗತಿ. ಅದನ್ನು ಈ ತಿಂಗಳು ಇಲ್ಲಿ ಎತ್ತಿಕೊಳ್ಳಲು ನಮ್ಮ ಮನೆಯಲ್ಲಿಯೇ ಒದಗಿದ ಪ್ರಸಂಗವು ಕಾರಣವಾಗಿದೆ.

ನಮ್ಮ ತಮ್ಮನ ಮಗನು ಕಳೆದ ಚೈತ್ರದಲ್ಲಿ, ಯರಗಟ್ಟಿಯನ್ನು ದಾಟಿ ಲೋಕಾಪುರದ ಕಡೆಗೆ ಹೋಗಿ ಮರಳುವ ಸಂಕಲ್ಪ ಮಾಡಿ ನಸುಕಿನಲ್ಲಿ ಹೊರಟನು. ಅವನ ತಾಯಿಯು ನಾಲ್ಕು ಗಂಟೆಗೇ ಎದ್ದು ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ, ನಾಲ್ಕು ಉಂಡೆ, ಬಾಳೆಹಣ್ಣು ಇಷ್ಟನ್ನೂ ಅರಿವೆಯಲ್ಲಿ ಕಟ್ಟಿಕೊಟ್ಟಳು. ಹುಡುಗನು ಅದನ್ನು ಬೆನ್ನಿನ ಚೀಲಕ್ಕೆ ಹಾಕಿಕೊಂಡನು. ನೀರಿನ ಬಾಟಲಿ ಒಂದು ಸೈಕಲ್ಲಿನ ನಡುವೆ ಇತ್ತು. ಇನ್ನೊಂದನ್ನು ಸೀಟಿನ ಹಿಂದೆ ರಬ್ಬರಿನ ಪಟ್ಟಿಯಿಂದ ಬಿಗಿದಿದ್ದನು. ಎಲ್ಲಿಯೋ ತಗ್ಗಿನಲ್ಲಿ ಗಾಲಿ ಜಿಗಿದಾಗ ಹಿಂದಿನ ಬಾಟಲಿಯು ಬಿದ್ದುಹೋಯಿತು, ಅವನಿಗೆ ಗೊತ್ತಾಗಲಿಲ್ಲ. ಉಣ್ಣಬೇಕಾದರೆ ಇಳಿಯಬೇಕು, ಇಳಿದರೆ ವೇಳೆ ಹೋಗುತ್ತದೆಂದು ಚೀಲವನ್ನು ಬಿಚ್ಚಲಿಲ್ಲ. ಮರಳಿ ಬರುವಾಗ ಗಾಲಿಗೆ ಜಾಲಿಯ ಮುಳ್ಳು ನೆಟ್ಟಿತು. ಪಂಪು ಇತ್ತು, ಟ್ಯೂಬು ಇತ್ತು. ಟೈರನ್ನು ಎಬ್ಬಿಸುವ ಪಟ್ಟಿಗಳು ಮನೆಯ ಮಾಡದಲ್ಲಿ ಉಳಿದಿದ್ದವು. ಸುಡುವ ಬಿಸಿಲಿನಲ್ಲಿ ಸೈಕಲ್ಲನ್ನು ನೂಕಿಕೊಂಡು ನಡೆದವನಿಗೆ ಕಣ್ಣು ಕತ್ತಲೆಗೂಡಿ ಬೇವಿನ ಮರದ ಕೆಳಗೆ ಕುಸಿದನು. ಹೊಲದಲ್ಲಿದ್ದ ದಂಪತಿಗಳು ಓಡಿ ಬಂದು, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ನಮಗೆ ಫೋನು ಮಾಡಿ, ಒಂದು ಟೆಂಪೋದಲ್ಲಿ ಅವನನ್ನು ಊರಿಗೆ ಮುಟ್ಟಿಸಿದರು. ಆ ಪುಣ್ಯವಂತರಿಂದ ಹುಡುಗನು ಉಳಿದನೆಂದೇ ನಾವು ತಿಳಿದಿದ್ದೇವೆ.

ಸಂಜೆಗೆ ಅವನ ತಾಯಿಯು ಚೀಲವನ್ನು ಬಿಚ್ಚಿದಳು. ಕಟ್ಟಿದ ಬುತ್ತಿಯು ಕಟ್ಟಿದ ಹಾಗೆಯೇ ಇತ್ತು. "ಯಾಕೋ ತಮ್ಮಾ, ನಾ ಕಟ್ಟಿದ್ದು ಸೇರಲಿಲ್ಲೇನು?" ಎಂದು ಕೇಳಿದಳು. "ಹಂಗಲ್ಲವ್ವಾ, ಕೈಗೆ ನಿಲುಕಲಿಲ್ಲ" ಎಂದು ಅವನು ಹೇಳಿದನು.

ಆ ಮಾತನ್ನು ನಾವು ಬಹಳ ದಿನ ಯೋಚಿಸಿದೆವು. ನಮ್ಮ ಹಿರಿಯರು ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಸಾಮಾನು ಇಡುವದಕ್ಕೆ ಒಂದು ಕ್ರಮವಿತ್ತು. ಕೀಲೆಣ್ಣೆಯ ಗೊಟ್ಟವು ಅಚ್ಚಿನ ಹತ್ತಿರ ತೂಗುತ್ತಿತ್ತು. ನೀರಿನ ಗಡಿಗೆಯು ನೆರಳಿನಲ್ಲಿ. ಬುತ್ತಿಯ ಗಂಟು ಹೆಂಗಸರ ಮಗ್ಗುಲಲ್ಲಿ. ಹಗ್ಗವು ಹೊಡೆಯುವವನ ಕೈಯಳತೆಯಲ್ಲಿ. ಯಾವ ವಸ್ತು ಎಲ್ಲಿ ಬೇಕೋ ಅಲ್ಲಿ, ಯಾವದು ಮೊದಲು ಬೇಕೋ ಅದು ಮೇಲೆ. ಎರಡು ಗಾಲಿಯ ವಾಹನಕ್ಕಾದರೂ ಇದಕ್ಕಿಂತ ಬೇರೆ ಶಾಸ್ತ್ರವಿಲ್ಲ.

ಮೊದಲು ನೀರು. ಸೈಕಲ್ಲಿನ ಕೊಳವೆಗಳು ಕೂಡಿ ಆದ ಮುಕ್ಕೋನದ ಒಳಗೆ ಎರಡು ಬಾಟಲಿಗಳಿಗೆ ಗೂಡುಗಳಿರುತ್ತವೆ. ಭಾರವು ಕೆಳಗೆ, ಎರಡೂ ಗಾಲಿಗಳ ನಡುವೆ ಇರುವದರಿಂದ ಸೈಕಲ್ಲು ತೂಗಾಡುವದಿಲ್ಲ; ದೊಡ್ಡ ಭಾರಕ್ಕೆ ಇದೇ ಉತ್ತಮ ಸ್ಥಳ. ಆದರೆ ಟ್ರಯಥ್ಲಾನ್ ಸವಾರನು ಗಾಳಿಯನ್ನು ಸೀಳಲು ಮುಂಗೈಗಳನ್ನು ಮುಂದಿನ ಸರಳುಗಳ ಮೇಲೆ ಊರಿ, ತಲೆ ತಗ್ಗಿಸಿ ಕೂಡ್ರುತ್ತಾನೆ. ಕೆಳಗಿನ ಬಾಟಲಿಗೆ ಕೈ ಹಾಕಲು ಅವನು ಆ ಆಸನವನ್ನು ಕೆಡಿಸಬೇಕಾಗುವದರಿಂದ ಕುಡಿಯುವದನ್ನೇ ಮುಂದೂಡುತ್ತಾನೆ. ಆದಕಾರಣ ಬಲ್ಲವರು ಒಂದು ಬಾಟಲಿಯನ್ನು ಎರಡು ಮುಂಗೈಗಳ ನಡುವೆ ಇಟ್ಟು, ಅದರ ಕೊಳವೆಯನ್ನು ಬಾಯಿಯ ಹತ್ತಿರಕ್ಕೆ ತಂದಿರುತ್ತಾರೆ. ಸೀಟಿನ ಹಿಂದಿನ ಸ್ಥಳವು ಗಾಳಿಗೆ ಅನುಕೂಲವಾದರೂ ಕೆಟ್ಟ ಹಾದಿಯಲ್ಲಿ ಬಾಟಲಿಯು ಅಲ್ಲಿಂದಲೇ ಹಾರುತ್ತದೆ. ಅಲ್ಲಿಡುವದಾದರೆ ಗೂಡು ಬಿಗಿಯಾಗಿರಬೇಕು. ಅದು ಕೊನೆಯ ಆಸರೆಯ ನೀರಾಗಿರಬೇಕು.

ನೀರು ತೀರಿದರೆ ಬಲಶಾಲಿಯೂ ಸೋಲುತ್ತಾನೆ. ೧೯೭೮ರ ಫೆಬ್ರವರಿ ೧೮ರಂದು ಹವಾಯಿಯ ಒವಾಹು ದ್ವೀಪದಲ್ಲಿ ಮೊದಲನೆಯ ಐರನ್‌ಮ್ಯಾನ್ ಸ್ಪರ್ಧೆಯು ನಡೆಯಿತು. ಹೊರಟವರು ೧೫ ಜನ, ಮುಗಿಸಿದವರು ೧೨ ಜನ. ಆಗ ಪ್ರತಿಯೊಬ್ಬನ ಅನ್ನನೀರುಗಳ ಹೊಣೆಯು ಅವನವನ ಸಂಗಡಿಗರದೇ ಆಗಿತ್ತು. ಸೈಕಲ್ಲು ಮುಗಿಸಿ ಓಟಕ್ಕೆ ಇಳಿದಾಗ ಜಾನ್ ಡನ್‌ಬಾರ್ ಎಂಬವನು ಮುಂದಿದ್ದನು. ನಡುವೆ ಅವನ ಸಂಗಡಿಗರಲ್ಲಿ ನೀರು ತೀರಿತು; ಇದ್ದ ಬಿಯರನ್ನೇ ಅವರು ಕುಡಿಸಿದರು. ಗಾರ್ಡನ್ ಹಾಲರ್ ಎಂಬವನು ಅವನನ್ನು ಹಿಂದೆ ಹಾಕಿ ಗೆದ್ದನು.

ಹಾಗೆಂದು ಕೊಡಗಟ್ಟಲೆ ನೀರು ಕುಡಿಸುವದೂ ಹಿತವಲ್ಲ. ಈ ಸಂಗತಿಯು ತಾಯಂದಿರಿಗೆ ಗೊತ್ತಿರಲೇಬೇಕು. ಬೆವರಿನಲ್ಲಿ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಬೆವರಿಗಿಂತ ಹೆಚ್ಚು ಬರಿಯ ನೀರನ್ನು ಕುಡಿದರೆ ರಕ್ತದೊಳಗಿನ ಉಪ್ಪಿನ ಅಂಶವು ತೆಳುವಾಗಿ, ತಲೆನೋವು, ವಾಂತಿ, ಮಂಕು ಕವಿದು, ವಿಪರೀತಕ್ಕೆ ಹೋದರೆ ಪ್ರಾಣಕ್ಕೂ ಅಪಾಯವುಂಟು. ೨೦೦೨ರ ಬೋಸ್ಟನ್ ಮ್ಯಾರಥಾನ್ ಓಟದಲ್ಲಿ ೪೮೮ ಜನರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ ೧೩ ಜನರಲ್ಲಿ ಈ ದೋಷವು ಕಂಡಿತೆಂದು ವೈದ್ಯರು ೨೦೦೫ರಲ್ಲಿ ಪ್ರಕಟಿಸಿದರು. ಓಡುತ್ತಲೇ ತೂಕ ಹೆಚ್ಚಿಸಿಕೊಂಡವರಲ್ಲಿ ಈ ದೋಷವು ವಿಶೇಷವಾಗಿತ್ತು.

ಹಾಗಾದರೆ ಎಷ್ಟು ಕುಡಿಯಬೇಕು? ಇದನ್ನು ಮನೆಯ ತೂಕದ ಯಂತ್ರವೇ ಹೇಳುತ್ತದೆ. ಹೊರಡುವ ಮುಂಚೆ ತೂಗಿ, ಒಂದು ತಾಸು ಸವಾರಿ ಮಾಡಿ, ಬೆವರೊರೆಸಿಕೊಂಡು ಮತ್ತೆ ತೂಗತಕ್ಕದ್ದು. ೬೦ ಕಿಲೋ ಇದ್ದವನು ೫೯.೪ ಆಗಿದ್ದು, ನಡುವೆ ೪೦೦ ಮಿಲಿಲೀಟರು ಕುಡಿದಿದ್ದರೆ, ಅವನ ಬೆವರು ತಾಸಿಗೆ ಸುಮಾರು ಒಂದು ಲೀಟರು ಎಂದಾಯಿತು. ಹೋದುದನ್ನೆಲ್ಲ ತುಂಬಬೇಕೆಂದಿಲ್ಲ, ಸಾಮಾನ್ಯವಾಗಿ ತಾಸಿಗೆ ೪೦೦ರಿಂದ ೮೦೦ ಮಿಲಿಲೀಟರು ಸಾಕು. ಮರಳಿದಾಗ ತೂಕವು ಹೆಚ್ಚಾಗಿದ್ದರೆ ಕುಡಿದದ್ದು ಅತಿಯಾಯಿತೆಂದೇ ಅರ್ಥ. ನಾವು ಈಗ ಮನೆಯಲ್ಲಿ ಮಾಡುವ ಪಾನಕವಿದು: ಒಂದು ಲೀಟರು ನೀರಿಗೆ ೬೦ ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ಲಿಂಬೆಯ ರಸ. ರಕ್ತದ ಒತ್ತಡವೋ ಸಕ್ಕರೆಯ ರೋಗವೋ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಬಳಸಲಾಗದು. ಮಜ್ಜಿಗೆಯು ನೆರಳಿನಲ್ಲಿ ಅಮೃತವಾದರೂ ಬಿಸಿಲಿನ ಬಾಟಲಿಯಲ್ಲಿ ಬೇಗ ಹುಳಿಯುತ್ತದೆ.

ಇನ್ನು ಆಹಾರ. ದೇಹದಲ್ಲಿ ಸಂಗ್ರಹವಾಗಿರುವ ಸಕ್ಕರೆಯು ಬಿರುಸಿನ ದುಡಿಮೆಗೆ ಎರಡು ತಾಸಿನ ಮೇಲೆ ಹೆಚ್ಚು ಕಾಲ ಬರುವದಿಲ್ಲ. ೧೮೦ ಕಿಲೋಮೀಟರಿನ ಸವಾರಿಗೆ ಐದರಿಂದ ಎಂಟು ತಾಸು ಬೇಕು. ಆದ್ದರಿಂದ ತಾಸಿಗೆ ೩೦ರಿಂದ ೬೦ ಗ್ರಾಂ ಸಕ್ಕರೆ ಇಲ್ಲವೆ ಪಿಷ್ಟವು ಹೊಟ್ಟೆಗೆ ಬೀಳುತ್ತಿರಬೇಕೆಂದು ತಜ್ಞರು ಹೇಳುತ್ತಾರೆ; ರೂಢಿ ಮಾಡಿಕೊಂಡವರು ೯೦ ಗ್ರಾಂವರೆಗೂ ಜೀರ್ಣಿಸಿಕೊಳ್ಳಬಲ್ಲರು. ನಡುತರದ ಒಂದು ಬಾಳೆಹಣ್ಣಿನಲ್ಲಿ ಸುಮಾರು ೨೫ ಗ್ರಾಂ ಇರುತ್ತದೆ. ಮೇಲೆ ಹೇಳಿದ ಪಾನಕದ ಅರ್ಧ ಲೀಟರಿನಲ್ಲಿ ೩೦ ಗ್ರಾಂ. ಎರಡೂ ಕೂಡಿದರೆ ಒಂದು ತಾಸಿನ ಲೆಕ್ಕ ಮುಗಿಯಿತು.

ನಮ್ಮ ಗೋಕಾವಿಯ ಕರದಂಟು, ಶೇಂಗಾ ಉಂಡೆ ಇವು ಪುಷ್ಟಿಯ ಪದಾರ್ಥಗಳೇ. ಆದರೆ ಶೇಂಗಾ ಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆ. ಕರದಂಟಿನಲ್ಲಿ ತುಪ್ಪ, ಕೊಬ್ಬರಿ. ಜಿಡ್ಡು ಹೊಟ್ಟೆಯಿಂದ ನಿಧಾನವಾಗಿ ಇಳಿಯುವದರಿಂದ ಅವನ್ನು ಹಿಂದಿನ ದಿನಕ್ಕೋ ಮರಳಿದ ಮೇಲಕ್ಕೋ ಇಡುವದು ಲೇಸು. ರೊಟ್ಟಿಗೆ ಎರಡು ಕೈ ಬೇಕು, ಒಣಗಿದ ಬಾಯಿಗೆ ಅದು ಇಳಿಯುವದೂ ಇಲ್ಲ. ಬೀಜ ತೆಗೆದ ಖರ್ಜೂರ, ಬೆಲ್ಲದ ತುಣುಕು, ಉಪ್ಪು ಸವರಿದ ಬೇಯಿಸಿದ ಬಟಾಟೆಯ ಹೋಳು, ಗಟ್ಟಿಯಾಗಿ ಒತ್ತಿ ಕೊಯ್ದ ಅನ್ನದ ತುಂಡು ಇಂಥವು ಒಂದೇ ತುತ್ತಿಗೆ ಆಗುತ್ತವೆ. ಇವನ್ನು ಒಂದು ಕೈಯಿಂದ ಬಿಚ್ಚಲು ಬರುವಂತೆ ಕಾಗದದಲ್ಲಿ ಸಡಿಲಾಗಿ ಸುತ್ತಿ, ಹ್ಯಾಂಡಲಿನ ಹಿಂದೆ ಮೇಲಿನ ಕೊಳವೆಗೆ ಕಟ್ಟುವ ಚಿಕ್ಕ ಚೀಲದಲ್ಲಿಡಬೇಕು. ಹಸಿವೆಯ ದಾರಿ ಕಾಯಬಾರದು. ಮೊದಲ ಅರ್ಧ ತಾಸಿನಿಂದಲೇ ಗಡಿಯಾರ ನೋಡಿ ಇಪ್ಪತ್ತು ಮಿನಿಟಿಗೊಮ್ಮೆ ಒಂದು ತುತ್ತು ತೆಗೆದುಕೊಳ್ಳತಕ್ಕದ್ದು.

ಮೂರನೆಯದು ಉಪಕರಣ. ಎರಡು ಟ್ಯೂಬು, ಟೈರು ಎಬ್ಬಿಸುವ ಎರಡು ಪಟ್ಟಿ, ತೇಪೆಯ ಸಾಮಾನು, ಹಲವು ಪಾನಾಗಳು ಮಡಚಿಕೊಳ್ಳುವ ಒಂದು ಉಪಕರಣ, ಚೈನಿನ ಒಂದು ಕೊಂಡಿ, ಚಿಕ್ಕ ಪಂಪು: ಇಷ್ಟೇ. ಇವೆಲ್ಲ ಸೀಟಿನ ಕೆಳಗಿನ ಚೀಲದಲ್ಲಿ ಹಿಡಿಯುತ್ತವೆ. ಪಾನಾ ತಿಕ್ಕಿ ಹೊಸ ಟ್ಯೂಬಿಗೆ ಚೀಲದಲ್ಲಿಯೇ ತೂತು ಬೀಳುವದುಂಟು; ಆದ್ದರಿಂದ ಟ್ಯೂಬನ್ನು ಬೇರೆ ಅರಿವೆಯಲ್ಲಿ ಸುತ್ತಬೇಕು. ಕೆಲವರು ಪಂಪಿನ ಬದಲು ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಉರುಳೆಯನ್ನು ಒಯ್ಯುತ್ತಾರೆ. ಅದು ಕ್ಷಣದಲ್ಲಿ ಗಾಲಿಯನ್ನು ತುಂಬುವದು ನಿಜ; ಆದರೆ ಉರುಳೆಯು ಕೈ ಸುಡುವಷ್ಟು ತಣ್ಣಗಾಗುತ್ತದೆ, ಅರಿವೆಯಿಂದ ಹಿಡಿಯಬೇಕು. ಆ ಅನಿಲವು ರಬ್ಬರಿನೊಳಗಿಂದ ಬೇಗ ಸೋರುವದರಿಂದ ಮನೆಗೆ ಬಂದ ಮೇಲೆ ಅದನ್ನು ಬಿಟ್ಟು ಸಾದಾ ಗಾಳಿ ಹೊಡೆಯಬೇಕು. ಮುಳ್ಳು ನೆಟ್ಟಾಗ ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡುವದನ್ನು ಮರೆಯಬಾರದು. ಮುರಿದ ಜಾಲಿಯ ಮುಳ್ಳು ಅಲ್ಲಿಯೇ ಕುಳಿತಿದ್ದು ಎರಡನೆಯ ಟ್ಯೂಬನ್ನೂ ಕೊಲ್ಲುತ್ತದೆ.

ಸ್ಪರ್ಧೆಯಲ್ಲಿ ಹಾದಿಯುದ್ದಕ್ಕೂ ನೀರು, ಹಣ್ಣು ಕೊಡುವ ಠಾಣೆಗಳಿರುತ್ತವೆ. ಹೊರಗಿನವರ ನೆರವಿಗೆ ಮಾತ್ರ ಅವಕಾಶವಿಲ್ಲ. ೧೯೧೩ರ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಎಜೆನ್ ಕ್ರಿಸ್ತೊಫ್ ಎಂಬವನ ಸೈಕಲ್ಲಿನ ಮುಂದಿನ ಕವಲು ಟೂರ್ಮಲೆ ಘಟ್ಟದ ಇಳಿಜಾರಿನಲ್ಲಿ ಮುರಿಯಿತು. ಅವನು ಸೈಕಲ್ಲನ್ನು ಹೊತ್ತು ಹತ್ತು ಕಿಲೋಮೀಟರಿಗೂ ಮಿಕ್ಕಿ ನಡೆದು, ಕೆಳಗಿನ ಹಳ್ಳಿಯ ಕಮ್ಮಾರಸಾಲೆಯಲ್ಲಿ ಕಬ್ಬಿಣ ಕಾಯಿಸಿ ತಾನೇ ಬೆಸೆದನು. ಆದರೂ ತಿದಿ ಒತ್ತಿದವನು ಬೇರೊಬ್ಬ ಹುಡುಗನೆಂದು ಅವನಿಗೆ ದಂಡ ಬಿದ್ದಿತು! ಈಗಿನ ನಿಯಮಗಳು ಅಷ್ಟು ನಿಷ್ಠುರವಲ್ಲ. ಆದರೂ ತನ್ನ ಗಾಲಿಯನ್ನು ತಾನೇ ಬಿಚ್ಚಿ ಹಾಕಲಾರದವನು ದೂರದ ಹಾದಿಗೆ ಇಳಿಯಬಾರದೆಂಬದು ಅಂದಿನಂತೆ ಇಂದಿಗೂ ಸತ್ಯ. ನಮ್ಮ ಹಾದಿಗಳಲ್ಲಂತೂ ಠಾಣೆಗಳೂ ಇಲ್ಲ. ಎಲ್ಲಿ ನೀರು ತುಂಬಿಕೊಳ್ಳುವದೆಂದು ಮೊದಲೇ ಗೊತ್ತುಮಾಡಿ, ಮನೆಯ ಫೋನಿನ ಅಂಕಿಯನ್ನೂ ರಕ್ತದ ಗುಂಪನ್ನೂ ಬರೆದ ಚೀಟಿ, ಸ್ವಲ್ಪ ಹಣ ಇವನ್ನು ಕಿಸೆಯಲ್ಲಿಡಬೇಕು.

ಕಟ್ಟಕಡೆಗೆ ಒಂದು ಮಾತು. ಈ ಏರ್ಪಾಡುಗಳಲ್ಲಿ ಯಾವದನ್ನೂ ಸ್ಪರ್ಧೆಯ ದಿನ ಮೊದಲ ಸಲ ಮಾಡಿ ನೋಡಬಾರದು. ಮನೆಯವರು ಎದುರು ಕುಳಿತು, ಮಗನೋ ಮಗಳೋ ಚಲಿಸುವ ಸೈಕಲ್ಲಿನ ಮೇಲೆ ಬಾಟಲಿ ತೆಗೆದು ಇಡುವದನ್ನೂ, ಅಂಗಳದಲ್ಲಿ ಗಾಲಿ ಬಿಚ್ಚಿ ಹಾಕುವದನ್ನೂ ಒಮ್ಮೆ ನೋಡಲಿ. ಬುತ್ತಿ ಕಟ್ಟುವವರು ಎಷ್ಟು ಕಟ್ಟಿದೆವೆಂಬದರ ಜೊತೆಗೆ ಹೇಗೆ ಬಿಚ್ಚಬೇಕಾಗುವದೆಂಬದನ್ನೂ ಕೇಳಿಕೊಳ್ಳಲಿ.

ನಮ್ಮ ಹುಡುಗನು ದೀಪಾವಳಿಯ ಮುಂದೆ ಅದೇ ಹಾದಿಯನ್ನು ಮತ್ತೆ ತುಳಿದನು. ಹೋಗುವಾಗ ಆ ಬೇವಿನ ಮರದ ಹತ್ತಿರ ಇಳಿದು, ಹೊಲದ ದಂಪತಿಗಳಿಗೆ ತಾಯಿ ಕಳಿಸಿದ ಉಂಡೆಗಳನ್ನು ಕೊಟ್ಟು ಮುಂದೆ ಸಾಗಿದನಂತೆ. ಮಧ್ಯಾಹ್ನಕ್ಕೆ ಮನೆ ಸೇರಿದಾಗ ಮುಂದಿನ ಚಿಕ್ಕ ಚೀಲದಲ್ಲಿ ಮಡಚಿದ ಕಾಗದಗಳೂ ಎರಡು ಬಾಳೆಯ ಸಿಪ್ಪೆಗಳೂ ಇದ್ದವು. ಅವನ ತಾಯಿಯು ಅವನ್ನು ಎಣಿಸಿ ನೋಡಿ, ಏನೂ ಅನ್ನದೆ, ಉಣ್ಣಲು ತಾಟು ಹಾಕಿದಳು.