ಶುಗರ್ ಇರುವವನ ಜೇಬಿನಲ್ಲಿ ಸಕ್ಕರೆ

ಮೂರನೇ ಸೆಮಿಸ್ಟರ್‌ನ ಇಂಟರ್ನಲ್ಸ್. ಅರ್ಧ ಗಂಟೆ ಕಳೆದಿರಬೇಕು, ಕೈ ನಡುಗತೊಡಗಿತು, ಬೆನ್ನೆಲ್ಲ ಬೆವರು. ಬರೆದ ಸಾಲನ್ನೇ ಮತ್ತೆ ಬರೆಯುತ್ತಿದ್ದೆ. ಜೇಬಿನಿಂದ ಸಕ್ಕರೆ ಪೊಟ್ಟಣ ತೆಗೆದದ್ದೇ ತಡ, ಮೇಲ್ವಿಚಾರಕರು ನೇರ ನನ್ನ ಬೆಂಚಿಗೆ ಬಂದರು. ಚೀಟಿ ಎಂದುಕೊಂಡಿದ್ದರು.

‘ಸರ್, ನನಗೆ ಶುಗರ್ ಇದೆ.’

‘ಶುಗರ್ ಇರೋನು ಸಕ್ಕರೆ ಯಾಕಪ್ಪಾ ತಿಂತೀಯ?’

ಇಡೀ ಕ್ಲಾಸ್ ನಕ್ಕಿತು. ಅವರನ್ನು ದೂರಿ ಪ್ರಯೋಜನವಿಲ್ಲ. ಕಾಲೇಜು ಸೇರಿ ಒಂದೂವರೆ ವರ್ಷವಾದರೂ ನಾನು ಒಬ್ಬರಿಗೂ ಹೇಳಿರಲಿಲ್ಲ.

ನನ್ನದು ಟೈಪ್ 1. ಒಂಬತ್ತನೇ ತರಗತಿಯಲ್ಲಿದ್ದಾಗ ಗೊತ್ತಾಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುತ್ತದೆ. ಹಾಗಾಗಿ ದಿನಕ್ಕೆ ನಾಲ್ಕು ಸಲ ಇಂಜೆಕ್ಷನ್. ಚಿಕ್ಕವನಿದ್ದಾಗ ಜಾಮೂನು ಜಾಸ್ತಿ ತಿಂದಿದ್ದೇ ಕಾರಣ ಎಂದು ಅಜ್ಜಿ ಇವತ್ತಿಗೂ ನಂಬಿದ್ದಾರೆ. ಅಮ್ಮನ ಭಯ ಬೇರೆ: ‘ಯಾರಿಗೂ ಹೇಳ್ಬೇಡ, ನಾಳೆ ಕೆಲಸಕ್ಕೆ ತೊಂದರೆ ಆಗುತ್ತೆ.’

ಅದಕ್ಕೇ ಹಾಸ್ಟೆಲ್‌ನಲ್ಲಿ ಬಾತ್‌ರೂಮಿಗೆ ಹೋಗಿ ಚುಚ್ಚಿಕೊಳ್ಳುತ್ತಿದ್ದೆ. ಇಂಜೆಕ್ಷನ್ ತೆಗೆದುಕೊಂಡು ಬಂದರೆ ಮೆಸ್‌ನಲ್ಲಿ ಅನ್ನ ಇನ್ನೂ ಬೆಂದಿರುತ್ತಿರಲಿಲ್ಲ. ಒಳಗೆ ಹೋದ ಇನ್ಸುಲಿನ್ ಅನ್ನಕ್ಕಾಗಿ ಕಾಯುವುದಿಲ್ಲ. ಆ ಪರೀಕ್ಷೆಯ ದಿನ ಆಗಿದ್ದೂ ಅದೇ: ಇನ್ಸುಲಿನ್ ಪೂರ್ತಿ, ತಿಂಡಿ ಮಾತ್ರ ಅರ್ಧ, ಕೊನೆ ಗಳಿಗೆಯ ಓದಿನ ಅವಸರ.

ಎಲ್ಲರೂ ಹೆದರುವುದು ಶುಗರ್ ಏರಿದರೆ ಎಂದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇಳಿಯುವುದೂ ಅಷ್ಟೇ ಅಪಾಯ. 70ಕ್ಕಿಂತ ಕೆಳಗೆ ಬಂದರೆ ತಕ್ಷಣ ಸುಮಾರು 15 ಗ್ರಾಂ, ಅಂದರೆ ಮೂರ್ನಾಲ್ಕು ಚಿಕ್ಕ ಚಮಚ ಸಕ್ಕರೆ ತಿನ್ನಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದರೆ ಮಾತ್ರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದಿಷ್ಟು ನನಗೊಬ್ಬನಿಗೆ ಗೊತ್ತಿದ್ದರೆ ಸಾಲದು. ಪ್ರಜ್ಞೆ ತಪ್ಪುವವನು ನಾನೇ ತಾನೆ?

ಪರೀಕ್ಷೆ ಮುಗಿದ ರಾತ್ರಿ ರೂಮ್‌ಮೇಟ್‌ಗೆ ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ: ‘ಮಗಾ, ಹಾಗಾದ್ರೆ ವಾಲಿಬಾಲ್ ಆಡಬಹುದಾ?’ ಆಡಬಹುದು. ವಾಸಿಂ ಅಕ್ರಂಗೆ ಟೈಪ್ 1 ಎಂದು ಗೊತ್ತಾದದ್ದು 1997ರಲ್ಲಿ, 2003ರವರೆಗೂ ಅವರು ಪಾಕಿಸ್ತಾನಕ್ಕೆ ಬೌಲಿಂಗ್ ಮಾಡಿದರು. ಆದರೆ ಸುಮ್ಮನೆ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಆಡುವ ಮುಂಚೆ ಬೆರಳು ಚುಚ್ಚಿ ನೋಡಬೇಕು, ಕಡಿಮೆಯಿದ್ದರೆ ಬಾಳೆಹಣ್ಣು. ಆಟದ ಪರಿಣಾಮ ಗಂಟೆಗಟ್ಟಲೆ ಇರುತ್ತದೆ, ಸಂಜೆ ಆಡಿದ್ದಕ್ಕೆ ನಡುರಾತ್ರಿ ಶುಗರ್ ಇಳಿಯಬಹುದು. ಡೋಸ್ ಎಷ್ಟು ತಗ್ಗಿಸಬೇಕು ಎಂಬುದನ್ನು ಡಾಕ್ಟರ್ ಬಳಿ ಕೇಳಿಕೊಂಡೆ. ಮೊದಲು ಕದ್ದುಮುಚ್ಚಿ ಆಡುತ್ತಿದ್ದಾಗ ಈ ಲೆಕ್ಕವೇ ಇರಲಿಲ್ಲ, ಅರ್ಧ ಆಟಕ್ಕೇ ಕಾಲು ನೋವೆಂದು ಸುಳ್ಳು ಹೇಳಿ ಕೂರುತ್ತಿದ್ದೆ.

ಈಗ ಕಾಲೇಜಿನ ಮಾತು. ಸಿಬಿಎಸ್‌ಇ 2017ರಿಂದಲೇ ಮಧುಮೇಹವಿರುವ ಮಕ್ಕಳಿಗೆ ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಬಿಡುತ್ತಿದೆ. ಬಟ್ಟೆಯ ಗುಂಡಿಯನ್ನೂ ಅನುಮಾನಿಸುವ ಪ್ರವೇಶ ಪರೀಕ್ಷೆಗಳ ಕಾಲದಲ್ಲಿ ಜೆಇಇ ಮೇನ್ ಕೂಡ ಸಕ್ಕರೆ ಮಾತ್ರೆ, ಹಣ್ಣಿಗೆ ಅವಕಾಶ ಕೊಟ್ಟಿದೆ. ನಮ್ಮ ಇಂಟರ್ನಲ್ಸ್‌ಗೆ ಯಾಕಾಗದು? ಕೇಳುತ್ತಿರುವುದು ಹೆಚ್ಚುವರಿ ಅಂಕವನ್ನಲ್ಲ. ಡಾಕ್ಟರ್ ಪತ್ರ ನೋಡಿ ಕೊಠಡಿಯ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಒಂದು ಸಾಲು ಬರೆದರೆ ಸಾಕು. ಹಾಗೆಂದು ಅರ್ಜಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ.

ಮುಂದಿನ ವರ್ಷ ಪ್ಲೇಸ್‌ಮೆಂಟ್. ಮೆಡಿಕಲ್ ಫಾರಂ ಕೊಟ್ಟರೆ ಇದ್ದದ್ದನ್ನು ಇದ್ದಂತೆ ಬರೆಯಬೇಕೆಂದಿದ್ದೇನೆ. ಅಮ್ಮನನ್ನು ಇನ್ನೂ ಒಪ್ಪಿಸಿಲ್ಲ.

ಅಂದಹಾಗೆ, ನನಗಾಗಿ ರೂಮ್‌ಮೇಟ್ ಬ್ಯಾಗಿನಲ್ಲೂ ಈಗ ಒಂದು ಗ್ಲೂಕೋಸ್ ಪೊಟ್ಟಣ ಇರುತ್ತದೆ. ಅರ್ಧ ಅವನೇ ತಿಂದು ಮುಗಿಸುತ್ತಾನೆ.